ಮಕ್ಕಳ ಬೈಬಲ್ ಶಿಬಿರದಲ್ಲಿ ಮೊದಲ ಸಲ ಗುಂಪು ನಡೆಸಬೇಕಾಗಿದೆ, ಹೇಗೆ ತಯಾರಾಗಲಿ?

ಬೇಸಿಗೆ ರಜೆಯಲ್ಲಿ ನಾಲ್ಕು ದಿನದ ವಸತಿ ಶಿಬಿರ, ಎಂಟರಿಂದ ಹತ್ತು ವರ್ಷದ ಒಂಬತ್ತು ಹುಡುಗರು ನಿಮ್ಮ ಪಾಲಿಗೆ ಬಂದಿದ್ದಾರೆ; ಪಾಠ ಚೆನ್ನಾಗಿ ಮಾಡಲು ಯಾವ ಪುಸ್ತಕ ಓದಲಿ ಎಂದು ಕೇಳಿದ್ದೀರಿ. ಮೊದಲ ವರ್ಷ ನಾನೂ ಹಿರಿಯರೊಬ್ಬರನ್ನು ಇದನ್ನೇ ಕೇಳಿದ್ದೆ. ಧಾರವಾಡದ ಹತ್ತಿರ ಒಂದು ಹಾಸ್ಟೆಲಿನಲ್ಲಿ ಶಿಬಿರ. ಏಳು ಪುಟ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ನಲವತ್ತು ನಿಮಿಷಕ್ಕೆಂದು ಹೊಂದಿಸಿಟ್ಟ ಪಾಠ ಹನ್ನೆರಡು ನಿಮಿಷಕ್ಕೇ ಮುಗಿದುಹೋಯಿತು. ಉಳಿದ ಹೊತ್ತು ಒಬ್ಬ ಚಾಪೆಯ ಕಡ್ಡಿ ಕೀಳುತ್ತ ಕೂತ, ಇಬ್ಬರು ಜಗಳಕ್ಕೆ ಬಿದ್ದರು, ನಾನು ಗಡಿಯಾರ ನೋಡಿದೆ.

ಪುಸ್ತಕ ಆಮೇಲೆ. ಮೊದಲು ಬಾಯಿಪಾಠಕ್ಕೆ ಕೊಟ್ಟಿರುವ ವಾಕ್ಯವನ್ನು ಎಂಟು ವರ್ಷದವನ ಕಿವಿಯಿಂದ ಕೇಳಿ ನೋಡಿ. ನಮಗೆ ಆ ವರ್ಷ ಇಪ್ಪತ್ತಮೂರನೇ ಕೀರ್ತನೆಯ ಮೊದಲ ವಚನ: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಎಲ್ಲರಿಗೂ ಮೊದಲೇ ಬಾಯಿಗೆ ಬರುತ್ತಿತ್ತು, ನನಗೋ ಖುಷಿ. ಸುಮ್ಮನೆ ಕೊನೆಯ ಪದದ ಅರ್ಥ ಕೇಳಿದೆ. ‘ಕೊರತೆ ಪಡೆದುಕೊಂಡೆನು’ ಎಂದ ಒಬ್ಬ. ಉಳಿದ ಎಂಟೂ ತಲೆಗಳು ಹೌದೆಂದು ಆಡಿದವು. ಬಾರೆನು, ಮಾಡೆನು ಎಂಬಂಥ ಹಳೆಯ ನಿಷೇಧರೂಪ ಈಗಿನ ಮಕ್ಕಳಿಗೆ ಎಲ್ಲಿಂದ ಗೊತ್ತಾಗಬೇಕು? ಪಾಪ, ಭಾನುವಾರದ ಶಾಲೆಯಲ್ಲಿ ಅಷ್ಟೂ ದಿನ ಕಣ್ಣು ಮುಚ್ಚಿ, ಕೈ ಮುಗಿದು, ಕೀರ್ತನೆ ಬರೆದ ದಾವೀದ ಹೇಳಿದ್ದರ ನೇರ ವಿರುದ್ಧವನ್ನು ಭಕ್ತಿಯಿಂದ ಒಪ್ಪಿಸಿದ್ದರು.

‘ಹಾಗಲ್ಲ, ನನಗೆ ಏನೂ ಕಡಿಮೆಯಾಗುವುದಿಲ್ಲ ಎಂದು ಅರ್ಥ’ ಎಂದು ತಿದ್ದಿದೆ. ಅಷ್ಟಕ್ಕೆ ಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ‘ನಮ್ಮ ಮನೆಯಲ್ಲಿ ಕಡಿಮೆ ಇದೆಯಲ್ಲ, ಅಣ್ಣಾ?’ ಎಂದ ಅದೇ ಹುಡುಗ. ಸಿಟ್ಟಿನಿಂದಲ್ಲ, ಲೆಕ್ಕ ತಾಳೆಯಾಗುತ್ತಿಲ್ಲ ಎನ್ನುವ ದನಿಯಲ್ಲಿ. ನನ್ನ ಏಳು ಪುಟಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಏನೋ ಒಂದು ಸಮಾಧಾನ ಹೇಳಿ ಮುಂದಕ್ಕೆ ಹೋದೆ. ಇವತ್ತಿಗೂ ಅದರ ಬಗ್ಗೆ ನಾಚಿಕೆಯಿದೆ. ನಿಮಗೆ ಇಂಥ ಪ್ರಶ್ನೆ ಬಂದರೆ ‘ನನಗೂ ಇದು ಪೂರ್ತಿ ತಿಳಿದಿಲ್ಲ’ ಎಂದುಬಿಡಿ. ಮಕ್ಕಳು ಅದನ್ನು ತಪ್ಪು ತಿಳಿಯುವುದಿಲ್ಲ.

ಆ ದಿನ ನನ್ನನ್ನು ಉಳಿಸಿದವನು ಇನ್ನೊಬ್ಬ. ಅವನ ಅಜ್ಜನ ಹತ್ತಿರ ಕುರಿಗಳಿದ್ದವು. ಹೊಲದವರು ಗೊಬ್ಬರಕ್ಕಾಗಿ ಕರೆಸಿ ಮಂದೆಯನ್ನು ರಾತ್ರಿ ತಂಗಿಸುವುದು, ದಾರಿಯಲ್ಲಿ ಹುಟ್ಟಿದ ಮರಿಯನ್ನು ಎತ್ತಿಕೊಂಡೇ ನಡೆಯುವುದು, ಎಲ್ಲ ಹೇಳಿದ. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಲು ಹೋದವನ ಬಗ್ಗೆ ಯೇಸು ಹೇಳಿದ ಸಾಮ್ಯಕ್ಕೆ, ಅಂದರೆ ದೃಷ್ಟಾಂತ ಕತೆಗೆ, ಅವನದೊಂದು ತಕರಾರೂ ಇತ್ತು: ‘ನಾಯಿ ಇಲ್ಲದಿದ್ದರೆ ಅಜ್ಜ ಹೋಗುವುದಿಲ್ಲ.’ ಆ ಹೊತ್ತು ಯಾರೂ ಚಾಪೆ ಕೀಳಲಿಲ್ಲ. ಮಕ್ಕಳ ಕೈಗೆ, ಬಾಯಿಗೆ ಕೆಲಸ ಕೊಡುವುದು ಹೊಸದೇನಲ್ಲ. 1868ರಲ್ಲಿ ವೇಲ್ಸ್‌ನ ಲಾಂಡಡ್ನೊ ಕಡಲ ತೀರದಲ್ಲಿ ಜೋಸೈಯ ಸ್ಪಯರ್ಸ್ ಎಂಬವರು ‘ದೇವರು ಪ್ರೀತಿಸ್ವರೂಪಿ’ ಎಂಬ ಮಾತನ್ನು ಮರಳಿನಲ್ಲಿ ಬರೆದು, ಆಡುತ್ತಿದ್ದ ಮಕ್ಕಳಿಗೆ ಆ ಅಕ್ಷರಗಳನ್ನು ಕಪ್ಪೆಚಿಪ್ಪುಗಳಿಂದ ಸಿಂಗರಿಸಲು ಹೇಳಿದರು. ಕತೆ ಹೇಳಿದ್ದು ಆಮೇಲೆ.

ಇಷ್ಟೆಲ್ಲ ಆದರೂ ಪಾಠ ದಿನಕ್ಕೆ ಒಂದೇ ಗಂಟೆ. ನಿಮ್ಮ ನಿಜವಾದ ಪರೀಕ್ಷೆ ಮೊದಲ ರಾತ್ರಿ. ನನ್ನ ಗುಂಪಿನಲ್ಲಿ ಒಬ್ಬ ರಾತ್ರಿ ಹನ್ನೊಂದೂವರೆಗೆ ಎದ್ದು, ಚಪ್ಪಲಿ ಹಾಕಿಕೊಂಡು, ಕಟ್ಟಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಳುತ್ತಿರಲಿಲ್ಲ. ‘ಬಸ್ ಎಷ್ಟು ಗಂಟೆಗೆ?’ ಎಂದು ಕೇಳಿದ. ಬೆಳಗ್ಗೆ ಎಂದೆ. ಚೀಲದಲ್ಲಿ ಏನಿದೆ ಎಂದು ವಿಚಾರಿಸಿದೆ. ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಜೊತೆಯ ನಾಯಕನನ್ನೂ ಎಬ್ಬಿಸಿದೆ, ಮೂವರೂ ಒಂದೊಂದು ರೊಟ್ಟಿ ಮುರಿದೆವು. ಸದ್ದಿಗೆ ಇನ್ನಿಬ್ಬರು ಎದ್ದರು. ಚಟ್ನಿ ಖಾಲಿಯಾಗುವ ಹೊತ್ತಿಗೆ ಅವನಿಗೆ ತೂಕಡಿಕೆ ಬಂದಿತ್ತು. ಕತ್ತಲಾದ ಮೇಲೆ ಮನೆಗೆ ಫೋನ್ ಮಾಡಿಸಬೇಡಿ. ಅಮ್ಮನ ದನಿ ಕೇಳಿದರೆ ಅಳು ಇಮ್ಮಡಿಯಾಗುತ್ತದೆ, ಬೆಳಗ್ಗೆ ಮಾಡಿಸಿ. ಯಾರಾದರೂ ಹಾಸಿಗೆ ಒದ್ದೆ ಮಾಡಿಕೊಂಡಿದ್ದರೆ ಉಳಿದವರು ಏಳುವ ಮೊದಲೇ ಬೆಡ್‌ಶೀಟ್ ತೆಗೆದು ನೆನೆಹಾಕಿ, ಆ ಮಾತು ಎತ್ತಲೇಬೇಡಿ.

ಜೊತೆಯವನನ್ನು ಎಬ್ಬಿಸಿದೆ ಎಂದೆನಲ್ಲ, ಅದು ರೊಟ್ಟಿಯ ಆಸೆಗಲ್ಲ. ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ, ಎಷ್ಟೇ ಒಳ್ಳೆಯ ಉದ್ದೇಶವಿರಲಿ. ‘ಯಾರಿಗೂ ಹೇಳಬೇಡಿ ಅಣ್ಣಾ’ ಎಂದು ಮಗು ಶುರು ಮಾಡಿದರೆ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಲೈಂಗಿಕ ಕಿರುಕುಳದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಚರ್ಚಿನ ಹೆಸರು ಕೆಡುತ್ತದೆ ಎಂದು ಯಾರಾದರೂ ತಡೆದರೂ ಸುಮ್ಮನಾಗಬೇಡಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಮೊಬೈಲಿನಲ್ಲಿರಲಿ.

ಗೆಳೆಯನ ಜೊತೆ ಬೇರೆ ಧರ್ಮದ ಮಗು ಬಂದಿರಬಹುದು. ತಂದೆತಾಯಿಯ ಒಪ್ಪಿಗೆ ಪತ್ರ ಇದೆಯೇ ಎಂದು ಸಂಚಾಲಕರನ್ನು ಕೇಳಿ. ಪ್ರಾರ್ಥನೆಯಲ್ಲಿ ಸುಮ್ಮನೆ ಕೂತಿದ್ದರೆ ಕೂರಲಿ, ಬಾಯಿಗೆ ಮಾತು ತುರುಕಬೇಡಿ. ಇದರಲ್ಲಿ ನನಗೂ ಕೆಲವು ಹಿರಿಯರಿಗೂ ಜಗಳವೇ ಆಗಿದೆ, ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಇನ್ನು ಪುಸ್ತಕ. ಶಿಬಿರದವರೇ ಕೊಡುವ ಶಿಕ್ಷಕರ ಕೈಪಿಡಿ ಸಾಕು, ಅದರಲ್ಲೂ ಅರ್ಧ ಬಿಡಿ. ಒಂಬತ್ತು ಹೆಸರುಗಳನ್ನು ಮೊದಲ ಊಟದೊಳಗೆ ಕಲಿತುಕೊಳ್ಳಿ. ಟಾರ್ಚ್, ಹೆಚ್ಚಿಗೆ ಎರಡು ಸೋಪು, ಒಂದು ಹಳೆಯ ಬೆಡ್‌ಶೀಟ್ ಇಟ್ಟುಕೊಳ್ಳಿ. ತಲುಪಿದ ಕೂಡಲೇ ಬಚ್ಚಲಿನ ಬಕೆಟ್‌ಗಳನ್ನು ಎಣಿಸಿ. ನಮ್ಮಲ್ಲಿ ಒಂಬತ್ತು ಹುಡುಗರಿಗೆ ಎರಡಿದ್ದವು, ಒಂದು ಸೋರುತ್ತಿತ್ತು.