ಪಾರಾಗಿ ಬಂದವರಿಗೆ ಈಗೇಕೆ ನಿದ್ದೆಯಿಲ್ಲ?

ಪ್ರಶ್ನೆ: ನಿರಾಶ್ರಿತರಿಗೆ ಭಾಷೆ ಕಲಿಸುವ ಸ್ವಯಂಸೇವಕಿ ನಾನು. ಯುದ್ಧದಿಂದ ತಪ್ಪಿಸಿಕೊಂಡು ಬಂದ ಒಬ್ಬರು ಮೊದಮೊದಲು ಉತ್ಸಾಹದಿಂದ ಕಲಿಯುತ್ತಿದ್ದರು. ಎರಡು ವರ್ಷದ ನಂತರ ಈಗ ಮಂಕಾಗಿ ಕೂರುತ್ತಾರೆ, ನಿದ್ದೆಯಿಲ್ಲ, ತಲೆನೋವು ಎನ್ನುತ್ತಾರೆ. ಸುರಕ್ಷಿತ ದೇಶ ಸೇರಿದ ಮೇಲೆ ಹೀಗಾಗುವುದೇಕೆ? ನಾನೇನು ಮಾಡಬಹುದು?

ಉತ್ತರ: ಯುದ್ಧ, ಸೆರೆ, ಹಾದಿಯಲ್ಲಿ ಕಳೆದುಕೊಂಡ ಬಂಧುಗಳು, ಇವೆಲ್ಲ ಮನಸ್ಸಿಗೆ ಗಾಯ ಮಾಡುತ್ತವೆ. ಆ ಗಾಯ ಮಾಯುವುದೋ ಉಲ್ಬಣಿಸುವುದೋ ಎಂಬುದನ್ನು ಮಾತ್ರ ಬಹುಮಟ್ಟಿಗೆ ಆಶ್ರಯ ಕೊಟ್ಟ ದೇಶದ ಬದುಕೇ ತೀರ್ಮಾನಿಸುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ಹಳೆಯದನ್ನು ನಾವು ಅಳಿಸಲಾರೆವು, ಇಂದಿನದನ್ನು ಬದಲಿಸಬಲ್ಲೆವು.

ಅತಿ ದೊಡ್ಡ ಹೊರೆ, ಆಶ್ರಯ ಕೋರಿದ ಅರ್ಜಿಯ ತೀರ್ಮಾನಕ್ಕಾಗಿ ಕಾಯುವಿಕೆ. ನೆದರ್ಲೆಂಡ್ಸ್‌ನಲ್ಲಿ ಆಶ್ರಯ ಕೋರಿದ್ದ ಇರಾಕಿಗಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ಬಂದು ಆರು ತಿಂಗಳೊಳಗಿದ್ದವರಲ್ಲಿ ಶೇ 42ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿದ್ದರೆ, ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದವರಲ್ಲಿ ಅದು ಶೇ 66. ದಿನವೂ ಅಂಚೆಪೆಟ್ಟಿಗೆ ತೆರೆದು, ಪತ್ರವಿಲ್ಲವೆಂದು ಮತ್ತೆ ಮುಚ್ಚುವ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಪತ್ರ ಬಂದರೆ ಕೈ ನಡುಗುತ್ತದೆ, ಅದರಲ್ಲಿ ಗಡೀಪಾರಿನ ಆದೇಶವೂ ಇರಬಹುದು. ಅಂಥವನಿಗೆ ಅಪಾಯ ಇನ್ನೂ ಮುಗಿದಿಲ್ಲ.

ಇದರ ಜೊತೆಗೆ ದುಡಿಯಲು ಅನುಮತಿಯಿಲ್ಲದಿರುವುದು, ಬಾಗಿಲಿಗೆ ಚಿಲಕವೂ ಇರದ ಸಾಮೂಹಿಕ ವಸತಿ, ಒಂಟಿತನ, ತಾರತಮ್ಯ. ಊರಲ್ಲೇ ಉಳಿದ ಮನೆಯವರಿಂದ ಫೋನ್ ಬಂದಾಗಲೆಲ್ಲ ‘ನಾನೊಬ್ಬನೇ ಬದುಕಿಕೊಂಡೆನಲ್ಲ’ ಎಂಬ ಅಪರಾಧಭಾವ. ಹೆಚ್ಚು ಓದಿದವರು, ಹಿಂದೆ ಅನುಕೂಲವಾಗಿದ್ದವರು ಇನ್ನಷ್ಟು ಕುಗ್ಗುವುದೂ ಅಧ್ಯಯನಗಳಲ್ಲಿ ಕಂಡಿದೆ. ನಿನ್ನೆಯವರೆಗೆ ವೈದ್ಯೆಯಾಗಿದ್ದವಳಿಗೆ ಇಂದು ಹೆಸರಿನ ಮುಂದೆ ಅರ್ಜಿ ಸಂಖ್ಯೆ ಮಾತ್ರ.

ಭಾಷೆಯ ತೊಡಕು ಚಿಕಿತ್ಸೆಯನ್ನೂ ಕೆಡಿಸುತ್ತದೆ. ವೈದ್ಯರ ಮುಂದೆ ಹತ್ತು ವರ್ಷದ ಮಗ ಅನುವಾದಿಸುತ್ತಿದ್ದರೆ, ತಾಯಿ ತನ್ನ ಮೇಲಾದ ದೌರ್ಜನ್ಯವನ್ನು ಬಾಯಿಬಿಟ್ಟು ಹೇಳುವುದು ಹೇಗೆ? ‘ತಲೆನೋವು’ ಎನ್ನುತ್ತಾಳೆ, ಮಾತ್ರೆ ಪಡೆದು ಹಿಂತಿರುಗುತ್ತಾಳೆ. ದಯವಿಟ್ಟು ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬೇಡಿ. ತರಬೇತಾದ ದುಭಾಷಿಗಾಗಿ ಹಟ ಹಿಡಿಯಿರಿ.

ಹಾಗೆಂದು ನಿರಾಶ್ರಿತರೆಲ್ಲರೂ ರೋಗಿಗಳೆಂದು ಭಾವಿಸಬೇಡಿ. ಬಹಳಷ್ಟು ಜನರ ಸಂಕಟ, ಬದುಕಿಗೊಂದು ನೆಲೆ ಸಿಕ್ಕಂತೆ ತಾನಾಗಿಯೇ ಇಳಿಯುತ್ತದೆ.

ನಿಮ್ಮ ವಿದ್ಯಾರ್ಥಿಯನ್ನು ಯುದ್ಧದ ಕಥೆ ಹೇಳುವಂತೆ ಒತ್ತಾಯಿಸಬೇಡಿ. ಅರ್ಜಿ ಯಾವ ಹಂತದಲ್ಲಿದೆ, ಮನೆಯವರು ಎಲ್ಲಿದ್ದಾರೆ, ಮಾತನಾಡಲು ಯಾರಿದ್ದಾರೆ ಎಂದು ಕೇಳಿ. ಕಾನೂನು ನೆರವು ನೀಡುವವರ ಬಳಿ ಜೊತೆಗೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಐದು ಭೇಟಿಗಳ ಆಪ್ತಸಲಹಾ ಕ್ರಮವೊಂದಿದೆ. ತರಬೇತಿ ಪಡೆದ ಸಾಮಾನ್ಯರೂ ಅದನ್ನು ನಡೆಸಬಲ್ಲರು. ನಿಮ್ಮಲ್ಲಿ ಲಭ್ಯವಿದೆಯೇ ವಿಚಾರಿಸಿ. ಸಾಯುವ ಮಾತು ಬಂದರೆ, ಇಲ್ಲದ ದನಿಗಳು ಕೇಳಿಸುತ್ತವೆ ಎಂದರೆ, ಊಟ ಬಿಟ್ಟರೆ ಮುಂದಿನ ತರಗತಿಯವರೆಗೆ ಕಾಯದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.