ರಿಸೋರ್ಸ್‌ಸ್ಯಾಟ್-2ರಲ್ಲಿ ಮೂರು ಕ್ಯಾಮೆರಾ ಯಾಕೆ ಬೇಕಾಯ್ತು?

ನೆಲದ ಚಿತ್ರ ತೆಗೆಯುವ ಇಸ್ರೋ ಉಪಗ್ರಹ ರಿಸೋರ್ಸ್‌ಸ್ಯಾಟ್-2ರಲ್ಲಿ ಲಿಸ್-3, ಲಿಸ್-4, ಎವೈಫ್ಸ್ ಎಂಬ ಮೂರು ಕ್ಯಾಮೆರಾಗಳಿವೆ. ಎಲ್ಲ ಬ್ಯಾಂಡ್‌ಗಳನ್ನೂ (ಬೆಳಕಿನ ಬೇರೆ ಬೇರೆ ತರಂಗಾಂತರದ ಪಟ್ಟಿಗಳನ್ನು) ಒಂದೇ ಕ್ಯಾಮೆರಾದಲ್ಲಿ, ಅತಿ ಸೂಕ್ಷ್ಮವಾಗಿ ಹಿಡಿಯಬಹುದಿತ್ತಲ್ಲ ಎಂದು ಕೇಳಿದ್ದೀರಿ. ಬೆಳೆ ನಕ್ಷೆಗಾಗಿ ಈ ಮೂರರ ಚಿತ್ರಗಳನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು. ಆದರೆ ಅಷ್ಟಕ್ಕೆಲ್ಲ ಬೆಳಕು ಸಾಲುವುದಿಲ್ಲ.

ಲೆಕ್ಕ ಹಾಕಿ ನೋಡಿ. 817 ಕಿ.ಮೀ. ಎತ್ತರದ ಉಪಗ್ರಹದ ಕೆಳಗೆ ನೆಲ ಸೆಕೆಂಡಿಗೆ ಸುಮಾರು 6.6 ಕಿ.ಮೀ. ಸರಿಯುತ್ತಿರುತ್ತದೆ. ಲಿಸ್-3ರ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ ಆವರಿಸುವ ನೆಲದ ಅಗಲ, 23.5 ಮೀಟರ್; ಅಷ್ಟು ದಾಟಲು ಮೂರೂವರೆ ಮಿಲಿಸೆಕೆಂಡ್. ಲಿಸ್-4ರ 5.8 ಮೀಟರಿಗೆ ಒಂದು ಮಿಲಿಸೆಕೆಂಡೂ ಸಿಗುವುದಿಲ್ಲ. ನೋಡುವ ನೆಲ 16 ಪಟ್ಟು ಚಿಕ್ಕದು, ಸಮಯ ಕಾಲು ಭಾಗ. ಲೆನ್ಸ್ ಅಷ್ಟೇ ದೊಡ್ಡದಿದ್ದರೆ ಬೆಳಕು ಅರವತ್ತರಲ್ಲಿ ಒಂದು ಪಾಲೂ ಬರುವುದಿಲ್ಲ.

ಅದಕ್ಕೇ ಕೆಲಸ ಹಂಚಿದ್ದಾರೆ. ಲಿಸ್-4 ಕನ್ನಡಿಗಳ ದೊಡ್ಡ ದೂರದರ್ಶಕ ಇಟ್ಟುಕೊಂಡು ಹಸಿರು, ಕೆಂಪು, ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಮೂರಕ್ಕೇ ನಿಲ್ಲುತ್ತದೆ. ಒಂದೇ ದೂರದರ್ಶಕದ ಹಿಂದೆ ಮೂರು ಬ್ಯಾಂಡ್‌ಗಳ ಬೆಳಕು ಹಿಡಿಯುವ ಡಿಟೆಕ್ಟರ್ ಸಾಲುಗಳು ಅಕ್ಕಪಕ್ಕ ಕೂತಿರುವುದರಿಂದ, ಒಂದೇ ಜಾಗವನ್ನು ಮೊದಲ ಸಾಲು ನೋಡಿ ಸುಮಾರು ಎರಡು ಸೆಕೆಂಡಿಗೆ ಕೊನೆಯ ಸಾಲು ನೋಡುತ್ತದೆ. ನೆಲಕ್ಕೆ ಹೊಂದಿಸಿದ ಚಿತ್ರದಲ್ಲಿ, ನೆಲಕ್ಕಿಂತ ಎತ್ತರದಲ್ಲಿರುವ ಮೋಡದ ಅಂಚಿಗೆ ಬಣ್ಣದ ಗೆರೆ ಕಂಡರೆ ಕಾರಣ ಇದೇ.

ಲಿಸ್-3ರಲ್ಲಿ ಈ ಮೂರರ ಜೊತೆ 1.55–1.70 ಮೈಕ್ರಾನಿನ ಬ್ಯಾಂಡೂ ಇದೆ. ಉಳಿದ ಬ್ಯಾಂಡ್‌ಗಳನ್ನು ಹಿಡಿಯುವ ಸಿಲಿಕಾನ್ ಡಿಟೆಕ್ಟರಿಗೆ ಅದು ಕಾಣುವುದೇ ಇಲ್ಲ, ಬೇರೆಯದೇ ಡಿಟೆಕ್ಟರ್ ಬೇಕು. ನೀರು ತುಂಬಿದ ಎಲೆ ಅದರಲ್ಲಿ ಕಪ್ಪಗೆ, ಬಾಡಿದ ಎಲೆ ಬೆಳ್ಳಗೆ. ನನ್ನ ಕೆಲಸದ ಜೀವಾಳ ಈ ಬ್ಯಾಂಡು. ಮೂರನೆಯದು ಎವೈಫ್ಸ್: 56 ಮೀಟರ್ ಪಿಕ್ಸೆಲ್, 740 ಕಿ.ಮೀ. ಅಗಲ, ಐದು ದಿನಕ್ಕೊಮ್ಮೆ ಅದೇ ಹೊಲ ಮತ್ತೆ ಸಿಗುತ್ತದೆ.

ಬ್ಯಾಂಡಿನ ಅಗಲವನ್ನು ನಿರ್ಧರಿಸುವುದೂ ಬೆಳಕೇ; ಬ್ಯಾಂಡ್ ಕಿರಿದಾದಷ್ಟೂ ಸಿಗುವ ಬೆಳಕು ಕಡಿಮೆ. ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್-7ರಲ್ಲಿ ಕನ್ನಡಿ ಆಚೀಚೆ ತೂಗುತ್ತಾ ನೆಲವನ್ನು ಸವರುತ್ತಿತ್ತು. ಪ್ರತಿ ಪಿಕ್ಸೆಲಿಗೆ ಸಿಗುತ್ತಿದ್ದುದು ಮೈಕ್ರೋಸೆಕೆಂಡ್‌ಗಳಷ್ಟೇ. ಹಾಗಾಗಿ ನಿಯರ್ ಇನ್‌ಫ್ರಾರೆಡ್ ಬ್ಯಾಂಡನ್ನು 0.77ರಿಂದ 0.90 ಮೈಕ್ರಾನಿನವರೆಗೆ ಅಗಲವಾಗಿ ಇಟ್ಟಿದ್ದರು. ಅದರೊಳಗೇ, 0.82ರ ಸುತ್ತ, ಗಾಳಿಯ ನೀರಾವಿ ಬೆಳಕನ್ನು ಹೀರುತ್ತದೆ. 2013ರ ಲ್ಯಾಂಡ್‌ಸ್ಯಾಟ್-8ರಲ್ಲಿ ತೂಗುವ ಕನ್ನಡಿಯಿಲ್ಲ, ಉದ್ದ ಡಿಟೆಕ್ಟರ್ ಸಾಲು. ಸಮಯ ನೂರಾರು ಪಟ್ಟು ಹೆಚ್ಚಿತು. ಬ್ಯಾಂಡನ್ನು 0.845–0.885ಕ್ಕೆ ಕಿರಿದಾಗಿಸಿ ನೀರಾವಿಯಿಂದ ತಪ್ಪಿಸಿಕೊಂಡರು.

ನಮ್ಮ ಲಿಸ್ ಇನ್ನೂ 0.77–0.86ರಲ್ಲೇ ಇದೆ. ಮಳೆಗಾಲದ ತೇವದ ಗಾಳಿಯಡಿ ನಮ್ಮ ಬೆಳೆಗಳನ್ನು ಅಳೆಯುವ ಮುಂದಿನ ಸಂವೇದಕಕ್ಕೆ ಈ ಬದಲಾವಣೆಯನ್ನೇ ಮೊದಲು ಕೇಳುತ್ತೇನೆ.