ಕಡಲ ತಳದ ಕೇಬಲ್‌ಗೆ ಯಜಮಾನರು ಯಾರು?

ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾದರೆ ಬೆಂಗಳೂರಿನಲ್ಲಿ ವಿಡಿಯೊ ಕರೆ ತಡವರಿಸುವುದೇಕೆ, ಇಂಟರ್ನೆಟ್ ಬರುವುದು ಉಪಗ್ರಹದಿಂದಲ್ಲವೇ, ಇದಕ್ಕೆಲ್ಲ ಯಜಮಾನರು ಯಾರು ಎಂದು ಓದುಗರೊಬ್ಬರು ಕೇಳಿದ್ದೀರಿ.

ಉಪಗ್ರಹದ ಪಾಲು ತೀರಾ ಕಡಿಮೆ. ಖಂಡಗಳ ನಡುವಿನ ಡೇಟಾದಲ್ಲಿ ಶೇ 95ಕ್ಕೂ ಹೆಚ್ಚು ಓಡಾಡುವುದು ಕಡಲ ತಳದ ಫೈಬರ್ ಕೇಬಲ್‌ಗಳಲ್ಲಿ. ಆಳ ಸಮುದ್ರದಲ್ಲಿ ಅವುಗಳ ದಪ್ಪ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ. ತೀರದ ಹತ್ತಿರ ಉಕ್ಕಿನ ಕವಚ ತೊಡಿಸಿ ಒಂದೆರಡು ಮೀಟರ್ ಹೂಳುತ್ತಾರೆ. ಆದರೂ ಮೀನುಬಲೆ, ಲಂಗರುಗಳ ಕಾಟ ತಪ್ಪಿದ್ದಲ್ಲ; ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಸಲ ಕೇಬಲ್‌ಗಳು ಕೆಡುತ್ತವೆ.

2024ರ ಫೆಬ್ರುವರಿಯಲ್ಲಿ ಯೆಮನ್‌ನ ಹೌತಿ ಬಂಡುಕೋರರ ದಾಳಿಗೆ ಸಿಕ್ಕ 'ರುಬಿಮಾರ್' ಹಡಗನ್ನು ಸಿಬ್ಬಂದಿ ಬಿಟ್ಟುಹೋದರು. ಅದು ಕೆಂಪು ಸಮುದ್ರದಲ್ಲಿ ಲಂಗರು ಎಳೆದುಕೊಂಡೇ ತೇಲಿತು. ಅದೇ ಹೊತ್ತಿಗೆ ಎಎಇ-1, ಇಐಜಿ, ಸೀಕಾಂ ಕೇಬಲ್‌ಗಳು ತುಂಡಾದವು; ಲಂಗರೇ ಕಾರಣವೆಂಬುದು ಬಲವಾದ ಅಂದಾಜು. ಮೂರೂ ಮುಂಬೈಗೆ ಬರುವಂಥವು; ಅವು ತುಂಡಾದರೆ ಬೆಂಗಳೂರಿನ ಕರೆ ತಡವರಿಸುವುದು ಅದಕ್ಕೇ.

ರಿಪೇರಿಯ ಕೆಲಸ ಗೊತ್ತಿದ್ದದ್ದೇ. ಕೇಬಲ್ ದಡ ಸೇರುವ ಸ್ಟೇಷನ್ನಿನಿಂದ ಬೆಳಕಿನ ಮಿಡಿತ ಕಳಿಸಿ, ಅದು ಮರಳುವ ಸಮಯದಿಂದ ತುಂಡಾದ ಜಾಗವನ್ನು ಲೆಕ್ಕ ಹಾಕುತ್ತಾರೆ. ಹಡಗು ಕೊಕ್ಕೆ ಇಳಿಬಿಟ್ಟು ಒಂದು ತುದಿಯನ್ನು ಎತ್ತಿ ಪರೀಕ್ಷಿಸಿ, ತೇಲುಬುರುಡೆಗೆ ಕಟ್ಟಿ, ಇನ್ನೊಂದು ತುದಿ ಹುಡುಕುತ್ತದೆ. ಹಳೆಯ ತುದಿಗಳನ್ನೇ ನೇರವಾಗಿ ಕೂಡಿಸಲು ಉದ್ದ ಸಾಲದು. ತಳದಿಂದ ಹಡಗಿನವರೆಗೆ ಏರಿ ಇಳಿಯುವಷ್ಟು ಹೊಸ ಕೇಬಲ್ ನಡುವೆ ಸೇರಿಸಬೇಕು. ಇದಕ್ಕೆ ಹಿಡಿಯುವುದು ಕೆಲವು ದಿನ. ತಿಂಗಳುಗಟ್ಟಲೆ ಹಿಡಿಯುವುದು ಪರವಾನಗಿಗೆ, ಅದೂ ಎರಡು ಆಡಳಿತಗಳು ಕಿತ್ತಾಡುವ ಯೆಮನ್‌ನಂಥ ಕಡೆ.

ಹಾಗಾಗಿ ಮಾಲೀಕ ಯಾರೆಂಬುದು ಅರ್ಧ ಪ್ರಶ್ನೆ; ಅನುಮತಿ ಕೊಡುವವರು ಯಾರೆಂಬುದು ಇನ್ನರ್ಧ. ಹಿಂದೆ ಹಲವು ದೇಶಗಳ ಟೆಲಿಕಾಂ ಕಂಪನಿಗಳು ಕೂಡಿ ಕೇಬಲ್ ಹಾಕುತ್ತಿದ್ದವು. ಈಗ ಗೂಗಲ್, ಮೆಟಾ ಸ್ವತಃ ಹಾಕಿಸುತ್ತಿವೆ. ಆದರೂ ದಡದ ಸರ್ಕಾರ ಒಪ್ಪದಿದ್ದರೆ ಹಣವಂತರ ಆಟವೂ ನಡೆಯದು. ಲಾಸ್ ಏಂಜಲೀಸ್‌ನಿಂದ ಹಾಂಗ್‌ಕಾಂಗ್‌ಗೆಂದು ಗೂಗಲ್, ಮೆಟಾ ಹಾಕಿಸಿದ ಪೆಸಿಫಿಕ್ ಲೈಟ್ ಕೇಬಲ್‌ನ ಹಾಂಗ್‌ಕಾಂಗ್ ಭಾಗಕ್ಕೆ ಅಮೆರಿಕ 2020ರಲ್ಲಿ ಅಡ್ಡಬಂತು. ತೈವಾನ್, ಫಿಲಿಪ್ಪೀನ್ಸ್ ದಾರಿಗಷ್ಟೇ ಅನುಮತಿ ಸಿಕ್ಕಿತು.

ನಿಮ್ಮ ಕಚೇರಿಗೆ ಎರಡು ಕಂಪನಿಗಳ ಲೈನ್ ಇದ್ದರೆ ನಿಶ್ಚಿಂತೆ ಎಂದುಕೊಳ್ಳಬೇಡಿ; ಎರಡೂ ಒಂದೇ ಕೇಬಲ್ ಹಿಡಿದಿರಬಹುದು. ಯಾವ ಕೇಬಲ್, ಯಾವ ದಡದ ಸ್ಟೇಷನ್ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಒಂದು ಮುಂಬೈಯಿಂದ ಪಶ್ಚಿಮಕ್ಕೆ ಹೋದರೆ ಇನ್ನೊಂದು ಚೆನ್ನೈನಿಂದ ಸಿಂಗಪುರದ ಕಡೆ ಹೋಗಲಿ.